ಡಿಬಗರು ತಡವಾಗಿ ಹೊರಡುವುದೇಕೆ?

ಪೈಥಾನ್ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಮು ಲೋಲಕದ ಆಂದೋಲನಾವಧಿಯನ್ನು ಲೆಕ್ಕಹಾಕಿ ನಕ್ಷೆಯನ್ನು ಬರೆಯುತ್ತದೆ. ಆದರೆ ಉತ್ತರ ತಪ್ಪಾಗಿ ಬರುತ್ತಿದೆ ಎಂದಿಟ್ಟುಕೊಳ್ಳೋಣ. ತಪ್ಪನ್ನು ಹುಡುಕಲು ನಾವು ಡಿಬಗರಿನ ಸಹಾಯವನ್ನು ಪಡೆಯುತ್ತೇವೆ. ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಕ್ಷಣದಲ್ಲಿ ಪ್ರತಿಯೊಂದು ಚರದ ಬೆಲೆ ಎಷ್ಟಿದೆಯೆಂದು ತೋರಿಸುವ ಸಾಧನವಿದು. ಆದರೆ ಅರ್ಧ ನಿಮಿಷ ಕಳೆದರೂ ಅದು ನಾವು ಗುರುತಿಟ್ಟ ಸಾಲನ್ನು ಮುಟ್ಟುವುದಿಲ್ಲ. ಬೇಸತ್ತ ವಿದ್ಯಾರ್ಥಿಗಳು ಡಿಬಗರನ್ನೇ ತೊರೆದು ಊಹೆಯ ದಾರಿಯನ್ನು ಹಿಡಿಯುವುದುಂಟು. ಇಲ್ಲವೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದುಂಟು. ಇವೆರಡರಿಂದಲೂ ವಿಳಂಬದ ಕಾರಣ ತಿಳಿಯದು. ಕಾರಣವನ್ನು ತಿಳಿಯಲು ಅಳತೆಯೊಂದೇ ಉಪಾಯ.

ಸ್ಕ್ರೂಗೇಜನ್ನು ಬಳಸುವ ಮೊದಲು ಅದರ ಶೂನ್ಯದೋಷವನ್ನು ನೋಡಿಕೊಳ್ಳುತ್ತೇವಷ್ಟೆ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸೋಣ. ಮೂರು ಕಾಲಗಳನ್ನು ಅಳೆಯಬೇಕು. ಮೊದಲನೆಯದು, ನಮ್ಮ ಪ್ರೋಗ್ರಾಮು ಡಿಬಗರಿಲ್ಲದೆ ಗುರುತಿಟ್ಟ ಸಾಲನ್ನು ತಲುಪಲು ಹಿಡಿಯುವ ಕಾಲ. ಎರಡನೆಯದು, ಒಂದೇ ಸಾಲಿನ ಬರಿಯ ಪ್ರೋಗ್ರಾಮೊಂದು ಡಿಬಗರಿನಲ್ಲಿ ಹೊರಡಲು ಹಿಡಿಯುವ ಕಾಲ. ಇದೇ ನಮ್ಮ ಶೂನ್ಯದೋಷ. ಮೂರನೆಯದು, ನಮ್ಮ ಪ್ರೋಗ್ರಾಮು ಡಿಬಗರಿನಲ್ಲಿ ಅದೇ ಸಾಲನ್ನು ತಲುಪಲು ಹಿಡಿಯುವ ಕಾಲ. ಪ್ರತಿಯೊಂದನ್ನೂ ನಾಲ್ಕಾರು ಬಾರಿ ಅಳೆದು, ಮೊದಲ ಅಳತೆಯನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಮೊದಲ ಸಲ ಕಡತಗಳು ಡಿಸ್ಕಿನಿಂದ ಬರುತ್ತವೆ; ಅನಂತರ ಅವು ಸ್ಮೃತಿಯಲ್ಲಿಯೇ ಸಿದ್ಧವಾಗಿರುತ್ತವೆ.

ಎರಡನೆಯ ಕಾಲವೇ ದೊಡ್ಡದಾಗಿದ್ದರೆ ದೋಷವು ನಮ್ಮ ಪ್ರೋಗ್ರಾಮಿನಲ್ಲಿಲ್ಲ. ಪೈಥಾನನ್ನು ದೂರದ ಸರ್ವರಿನ ಡಿಸ್ಕಿನಲ್ಲಿ ಇಟ್ಟಿರಬಹುದು; ಅಥವಾ ವೈರಸ್ ತಡೆಯುವ ತಂತ್ರಾಂಶವು ತೆರೆಯುವ ಪ್ರತಿಯೊಂದು ಕಡತವನ್ನೂ ಪರೀಕ್ಷಿಸುತ್ತಿರಬಹುದು. ಕೆಲಸದ ಕಡತಗಳನ್ನು ಸ್ವಂತ ಡಿಸ್ಕಿಗೆ ತಂದು ಮತ್ತೆ ಅಳೆದು ನೋಡಬೇಕು. ರಕ್ಷಣೆಯನ್ನು ಪೂರ್ತಿಯಾಗಿ ತೆಗೆದುಹಾಕುವುದು ಮಾತ್ರ ಸರಿಯಲ್ಲ.

ಮೊದಲನೆಯ ಕಾಲ ದೊಡ್ಡದಾಗಿದ್ದರೆ 'ಇಂಪೋರ್ಟ್' ಸಾಲುಗಳತ್ತ ಗಮನ ಹರಿಸಬೇಕು. ಒಂದು ಗ್ರಂಥಾಲಯವನ್ನು ಇಂಪೋರ್ಟ್ ಮಾಡುವುದೆಂದರೆ ಅದರ ಕಡತವನ್ನು ಮೊದಲಿನಿಂದ ಕೊನೆಯವರೆಗೆ ನಡೆಸುವುದೆಂದೇ ಅರ್ಥ. ಆ ಕಡತವು ಇತರ ಕಡತಗಳನ್ನು ಕರೆಯುತ್ತದೆ. ಹೀಗೆ ನಕ್ಷೆ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಬರುವಾಗ ನೂರಾರು ಕಡತಗಳು ಬರುತ್ತವೆ. 2018ರಲ್ಲಿ ಹೊರಬಂದ ಪೈಥಾನ್ 3.7ರಿಂದ 'ಇಂಪೋರ್ಟ್‌ಟೈಮ್' ಎಂಬ ಆಯ್ಕೆಯೊಂದಿದೆ. ಅದನ್ನು ಸೇರಿಸಿ ಪೈಥಾನನ್ನು ಹೊರಡಿಸಿದರೆ ಯಾವ ಕಡತಕ್ಕೆ ಎಷ್ಟು ಮೈಕ್ರೋಸೆಕೆಂಡು ಹಿಡಿಯಿತೆಂಬ ಪಟ್ಟಿಯೇ ದೊರೆಯುತ್ತದೆ. ಬೇಡದ ಇಂಪೋರ್ಟುಗಳನ್ನು ಆಗ ಧಾರಾಳವಾಗಿ ತೆಗೆಯಬಹುದು.

ಇನ್ನುಳಿದದ್ದು ಮೂರನೆಯ ಸಂದರ್ಭ. ಉದಾಹರಣೆಗೆ, ಮೊದಲನೆಯ ಕಾಲ 3 ಸೆಕೆಂಡು, ಎರಡನೆಯದು 2 ಸೆಕೆಂಡು, ಮೂರನೆಯದು 40 ಸೆಕೆಂಡು ಎಂದು ಭಾವಿಸೋಣ. ಮೊದಲೆರಡನ್ನು ಕೂಡಿದರೆ 5 ಮಾತ್ರ. ಮಿಕ್ಕ 35 ಸೆಕೆಂಡು ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಡಿಬಗರಿನ ಕಾರ್ಯವಿಧಾನದಲ್ಲಿದೆ. ಪೈಥಾನಿನ ಡಿಬಗರುಗಳು ಬಹುಕಾಲ 'ಸೆಟ್‌ಟ್ರೇಸ್' ಎಂಬ ವ್ಯವಸ್ಥೆಯನ್ನು ಅವಲಂಬಿಸಿದ್ದವು. ಇದರಲ್ಲಿ ಪ್ರತಿಯೊಂದು ಫಂಕ್ಷನ್ನಿನ ಕರೆಯಲ್ಲಿಯೂ, ಡಿಬಗರು ಬಯಸಿದರೆ ಪ್ರತಿಯೊಂದು ಸಾಲಿನಲ್ಲಿಯೂ, ಪೈಥಾನ್ ಕ್ಷಣಕಾಲ ನಿಂತು ಡಿಬಗರಿಗೆ ವರದಿ ಮಾಡುತ್ತದೆ. ಪ್ರತಿ ಮೈಲಿಗಲ್ಲಿನ ಬಳಿಯೂ ಬಸ್ಸನ್ನು ನಿಲ್ಲಿಸಿ ಟಿಕೆಟ್ಟುಗಳನ್ನು ತಪಾಸಣೆ ಮಾಡಿದರೆ ಪ್ರಯಾಣ ಹೇಗೆ ಸಾಗೀತು? ನೂರಾರು ಕಡತಗಳ ಇಂಪೋರ್ಟು ಈ ತಪಾಸಣೆಗೆ ಒಳಗಾದಾಗ ಸೆಕೆಂಡುಗಳು ನಿಮಿಷವಾಗುವುದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರವೂ ಇದರಿಂದಲೇ ಹೊಳೆಯುತ್ತದೆ. ತಪಾಸಣೆಯನ್ನು ಬೇಕಾದ ಕಡೆಗಷ್ಟೆ ಸೀಮಿತಗೊಳಿಸಬೇಕು. ವಿಎಸ್ ಕೋಡಿನ ಡಿಬಗರಿನಲ್ಲಿ 'ಜಸ್ಟ್ ಮೈ ಕೋಡ್' ಎಂಬ ಆಯ್ಕೆಯು ಗ್ರಂಥಾಲಯಗಳ ಒಳಹೊಗದಂತೆ ಡಿಬಗರನ್ನು ತಡೆಯುತ್ತದೆ. ಅದನ್ನು ತೆಗೆದುಹಾಕಿದ್ದರೆ ಮರಳಿ ಜಾರಿಗೆ ತರಬೇಕು. ಇನ್ನೊಂದು ದಾರಿಯೂ ಉಂಟು. ಪ್ರೋಗ್ರಾಮಿನಲ್ಲಿ ಸಂಶಯವಿರುವ ಸಾಲಿನ ಹಿಂದೆ 'ಬ್ರೇಕ್‌ಪಾಯಿಂಟ್' ಎಂಬ ಫಂಕ್ಷನ್ನನ್ನು ಕರೆದು, ಡಿಬಗರಿಲ್ಲದೆಯೇ ಪ್ರೋಗ್ರಾಮನ್ನು ಹೊರಡಿಸಬಹುದು. ಇಂಪೋರ್ಟುಗಳೆಲ್ಲ ಪೂರ್ಣವೇಗದಲ್ಲಿ ಮುಗಿದು, ಆ ಸಾಲಿಗೆ ಬಂದಾಗ ಮಾತ್ರ ಪೈಥಾನಿನದೇ ಆದ ಪಿಡಿಬಿ ಎಂಬ ಡಿಬಗರು ಎಚ್ಚರಗೊಳ್ಳುತ್ತದೆ. 2023ರ ಪೈಥಾನ್ 3.12ರಲ್ಲಿ 'ಮಾನಿಟರಿಂಗ್' ಎಂಬ ಹೊಸ ವ್ಯವಸ್ಥೆಯೂ ಬಂದಿತು. ಅದನ್ನು ಬಳಸುವ ಡಿಬಗರು ತನಗೆ ಬೇಡವಾದ ಸ್ಥಳಗಳ ವರದಿಯನ್ನು ಒಮ್ಮೆಗೇ ನಿಲ್ಲಿಸಿಬಿಡಬಲ್ಲದು; ಆದುದರಿಂದ ವಿಳಂಬ ಬಹಳ ಮಟ್ಟಿಗೆ ತಗ್ಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಕೂಡಲೇ ಮತ್ತೆ ಅಳೆಯಬೇಕು. ಮೂರನ್ನು ಒಟ್ಟಿಗೆ ಬದಲಿಸಿ ವೇಗ ಹೆಚ್ಚಿದರೆ ಗುಣ ಯಾವುದರದೆಂದು ಹೇಳಲಾಗದು. ನಾಳೆ ತೊಂದರೆ ಮರುಕಳಿಸಿದರೆ ನಾವು ಮೊದಲಿದ್ದಲ್ಲಿಯೇ ಇರುತ್ತೇವೆ. ವಾಚಕರು ತಮ್ಮದೇ ಒಂದು ಪ್ರೋಗ್ರಾಮನ್ನು ತೆಗೆದುಕೊಂಡು ಈ ಮೂರು ಕಾಲಗಳನ್ನು ಕೋಷ್ಟಕದಲ್ಲಿ ಬರೆದು ನೋಡಲಿ. ಮೇಲಿನ ಮೂರು ಸಂದರ್ಭಗಳಲ್ಲಿ ತಮ್ಮದು ಯಾವುದೆಂದು ಆ ಕೋಷ್ಟಕವೇ ತಿಳಿಸುತ್ತದೆ.