ಸೌರ ಇನ್ವರ್ಟರಿಗೆ ತಂತಿ ಮತ್ತು ವಿದ್ಯುತ್ ಪೆಟ್ಟಿಗೆಯ ಅಳತೆ

ಬೀದರ ಜಿಲ್ಲೆಗೆ ಬಿಸಿಲಿನ ಬಡತನವಿಲ್ಲ. ಹುಮನಾಬಾದ ತಾಲ್ಲೂಕಿನ ನಮ್ಮ ಹುಡಗಿಯಂಥ ಗ್ರಾಮದಲ್ಲಿ ಶಾಲೆಗೋ ಪ್ರಸಾದ ನಿಲಯಕ್ಕೋ ಸೌರ ಫಲಕಗಳನ್ನು ಕೊಡಿಸಬೇಕೆಂಬ ಸದಿಚ್ಛೆ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಮೂಡುವುದು ಸಹಜ. ಫಲಕವು ಮಾಳಿಗೆಯ ಮೇಲೆ ಎಲ್ಲರಿಗೂ ಕಾಣುತ್ತದೆ; ಅದರ ಕೆಳಗೆ ದಾನಿಗಳ ಹೆಸರನ್ನು ಬರೆಯಿಸಲೂ ಬಹುದು. ಗೋಡೆಯ ಬದಿಯ ತಂತಿ, ಮೂಲೆಯ ಫ್ಯೂಜು, ವಿದ್ಯುತ್ ಪೆಟ್ಟಿಗೆಯೊಳಗಿನ ಎಂ.ಸಿ.ಬಿ. ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಇವುಗಳಿಗೇ. ಮಕ್ಕಳು ಮಲಗುವ ಕಟ್ಟಡದಲ್ಲಿ ಬೆಂಕಿಯ ಭಯವಿರುವುದೂ ಇವುಗಳಲ್ಲಿಯೇ. ಆದ್ದರಿಂದ ಪ್ರಕೃತ ಲೇಖನದಲ್ಲಿ ಫಲಕಕ್ಕಿಂತ ಹೆಚ್ಚಾಗಿ ತಂತಿಯ ವಿಚಾರವನ್ನೇ ವಿವರಿಸಲಾಗಿದೆ.

ಮೊದಲಿಗೆ ಒಂದು ತಿಳುವಳಿಕೆ ಅವಶ್ಯ. ಮನೆಗಳ ಮಾಳಿಗೆಗೆ ಸಹಾಯಧನ ಕೊಡುವ ಕೇಂದ್ರ ಸರಕಾರದ ಯೋಜನೆಯು 2024ರ ಫೆಬ್ರವರಿಯಲ್ಲಿ ಆರಂಭವಾದ ತರುವಾಯ, ಬ್ಯಾಟರಿಯಿಲ್ಲದೆ ನೇರವಾಗಿ ಜೆಸ್ಕಾಂ ಜಾಲಕ್ಕೆ ಕೂಡುವ ಇನ್ವರ್ಟರುಗಳು ಜನರಿಗೆ ಪರಿಚಿತವಾಗಿವೆ. ಅವು ಬಿಲ್ಲನ್ನು ತಗ್ಗಿಸುತ್ತವೆ, ನಿಜ. ಆದರೆ ಜಾಲದ ವಿದ್ಯುತ್ತು ಹೋದ ಕ್ಷಣವೇ ತಾವೂ ನಿಂತುಬಿಡುತ್ತವೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್ನನ ಜೀವರಕ್ಷಣೆಗಾಗಿ ಹಾಗೆ ರಚಿಸಲಾಗಿದೆ. ಸಂಜೆ ಕರೆಂಟು ಹೋದಾಗ ಎಸ್.ಎಸ್.ಎಲ್.ಸಿ. ಮಕ್ಕಳ ಓದು ನಿಲ್ಲಬಾರದೆಂಬುದು ನಮ್ಮ ಉದ್ದೇಶವಾದರೆ ಬ್ಯಾಟರಿಯುಳ್ಳ ವ್ಯವಸ್ಥೆಯೇ ಬೇಕು.

ಒಂದು ಪ್ರಸಾದ ನಿಲಯವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅಲ್ಲಿ 20 ವಾಟಿನ 12 ಎಲ್.ಇ.ಡಿ. ಕೊಳವೆದೀಪಗಳು, 75 ವಾಟಿನ 8 ಫ್ಯಾನುಗಳು, ಕಚೇರಿಯಲ್ಲಿ 160 ವಾಟಿನ ಒಂದು ಗಣಕಯಂತ್ರ ಇವೆ. ಒಟ್ಟು 1000 ವಾಟು. ದೀಪ ಮತ್ತು ಫ್ಯಾನುಗಳು ರಾತ್ರಿ 3 ಗಂಟೆ ನಡೆದರೆ 2520 ವಾಟ್-ಗಂಟೆ, ಗಣಕಯಂತ್ರವು ಹಗಲು 4 ಗಂಟೆ ನಡೆದರೆ 640, ಕೂಡಿದರೆ 3160. ಬ್ಯಾಟರಿ, ಇನ್ವರ್ಟರು, ಧೂಳು, ಬೇಸಿಗೆಯ ಕಾವು ಇವುಗಳಿಂದ ಹತ್ತರಲ್ಲಿ ಮೂರು ಪಾಲು ನಷ್ಟವಾಗುವುದೆಂದು ಎಣಿಸಿ 0.7ರಿಂದ ಭಾಗಿಸಿದರೆ ಸುಮಾರು 4500 ಬರುತ್ತದೆ. ನಮ್ಮ ಭಾಗದಲ್ಲಿ ದಿನಕ್ಕೆ ಸರಾಸರಿ 5 ಗಂಟೆಗಳಷ್ಟು ಪೂರ್ಣ ಬಿಸಿಲು ಸಿಗುವುದೆಂದು ಹಿಡಿದರೆ 900 ವಾಟಿನ ಫಲಕ ಸಾಕು. ಪೇಟೆಯಲ್ಲಿ ದೊರೆಯುವ 540 ವಾಟಿನ ಎರಡು ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶಕ್ಕೆ ತಕ್ಕಂತೆ 18 ಡಿಗ್ರಿಯಷ್ಟು ಓರೆಯಾಗಿ ನಿಲ್ಲಿಸಿದರೆ ಈ ಲೆಕ್ಕ ಮುಗಿಯಿತು.

ಬ್ಯಾಟರಿಯ ಲೆಕ್ಕದಲ್ಲಿ ಒಂದು ವಿಶೇಷವಿದೆ. ರಾತ್ರಿಯ 2520 ವಾಟ್-ಗಂಟೆಯನ್ನು ಇನ್ವರ್ಟರಿನ ದಕ್ಷತೆ 0.85ರಿಂದ ಭಾಗಿಸಬೇಕು, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ಬಂದುದನ್ನು ಇಮ್ಮಡಿಸಬೇಕು. 24 ವೋಲ್ಟಿನಲ್ಲಿ ಇದು 247 ಆಂಪಿಯರ್-ಗಂಟೆಯಾಗುತ್ತದೆ. ಅಂದರೆ 150 ಆಂಪಿಯರ್-ಗಂಟೆಯ, 12 ವೋಲ್ಟಿನ ನಾಲ್ಕು ಬ್ಯಾಟರಿಗಳು. ಈಗ ಹಳೆಯ ಫ್ಯಾನುಗಳ ಬದಲು 30 ವಾಟಿನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿ ನೋಡಿರಿ. ರಾತ್ರಿಯ ಖರ್ಚು 1440ಕ್ಕೆ ಇಳಿದು 141 ಆಂಪಿಯರ್-ಗಂಟೆ, ಅಂದರೆ ಎರಡೇ ಬ್ಯಾಟರಿಗಳು ಸಾಕಾಗುತ್ತವೆ. ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕಾದ ಬ್ಯಾಟರಿಗಳ ಪೈಕಿ ಎರಡು ಶಾಶ್ವತವಾಗಿ ತಪ್ಪುತ್ತವೆ. ಯಾವುದಕ್ಕೆ ದಾನ ಕೊಡಲೆಂದು ಕೇಳುವ ಮಹನೀಯರಿಗೆ ಎಂಟು ಫ್ಯಾನುಗಳ ಹೆಸರನ್ನು ಹೇಳುವುದು ಉತ್ತಮವೆಂದು ನನ್ನ ಅಭಿಪ್ರಾಯ. ಫ್ಯಾನಿನ ಮೇಲೆ ಹೆಸರು ಬರೆಯಲು ಸ್ಥಳ ಕಡಿಮೆ, ಅಷ್ಟೆ.

ಇನ್ನು ತಂತಿಗೆ ಬರೋಣ. ಶಕ್ತಿಯು ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧವೆಂಬುದನ್ನು ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಬಲ್ಲ. 1000 ವಾಟಿಗೆ 230 ವೋಲ್ಟಿನಲ್ಲಿ 4.3 ಆಂಪಿಯರ್ ಹರಿದರೆ ಸಾಕು. ಅದೇ 1000 ವಾಟನ್ನು 24 ವೋಲ್ಟಿನ ಬ್ಯಾಟರಿಯಿಂದ ಎಳೆಯುವಾಗ ಅದರ ಸುಮಾರು ಹತ್ತು ಪಟ್ಟು ಪ್ರವಾಹ ಬೇಕು. ವೋಲ್ಟೇಜು ಕಡಿಮೆಯಿದೆ, ಮುಟ್ಟಿದರೆ ಹೊಡೆಯುವುದಿಲ್ಲ, ಆದ್ದರಿಂದ ಸಣ್ಣ ತಂತಿ ಸಾಕು ಎಂಬ ಸಾಮಾನ್ಯ ಭಾವನೆಯು ಪೂರ್ತಿ ತಲೆಕೆಳಗಾದುದು. ಮುಟ್ಟಿದವನನ್ನು ಕೊಲ್ಲುವುದು ವೋಲ್ಟೇಜಾದರೂ ತಂತಿಯನ್ನು ಸುಡುವುದು ಪ್ರವಾಹವೇ.

ತಂತಿಯನ್ನು ಇಂದಿನ ಹೊರೆಗಲ್ಲ, ಇನ್ವರ್ಟರಿನ ಪೂರ್ಣ ಸಾಮರ್ಥ್ಯಕ್ಕೆ ಅಳೆಯಬೇಕು. ಏಕೆಂದರೆ ಮುಂದಿನ ವರ್ಷ ಯಾರೋ ಒಂದು ನೀರಿನ ಯಂತ್ರವನ್ನು ತಂದು ಜೋಡಿಸುತ್ತಾರೆ. ನಮ್ಮ ಉದಾಹರಣೆಗೆ 2000 ವಿ.ಎ., ಅಂದರೆ ಸುಮಾರು 1600 ವಾಟಿನ ಇನ್ವರ್ಟರು ಯೋಗ್ಯ. ಬ್ಯಾಟರಿ ಇಳಿದು 22 ವೋಲ್ಟಿಗೆ ಬಂದಾಗ 1600ನ್ನು 22ರಿಂದಲೂ 0.85ರಿಂದಲೂ ಭಾಗಿಸಿದರೆ 86 ಆಂಪಿಯರ್. ನಾಲ್ಕರಲ್ಲೊಂದು ಪಾಲು ಹೆಚ್ಚು ಹಿಡಿದರೆ 107. ಇದಕ್ಕೆ 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲು, 125 ಆಂಪಿಯರಿನ ಏಕಮುಖ ಪ್ರವಾಹದ ಫ್ಯೂಜು ಬೇಕು. ಬ್ಯಾಟರಿಯಿಂದ ಇನ್ವರ್ಟರಿಗೆ 2 ಮೀಟರು ದೂರವಿದ್ದರೆ ಹೋಗಿಬರುವ ತಂತಿ 4 ಮೀಟರು. ಮನೆಯ ತಂತಿಯೆಂದು 6 ಚದರ ಮಿಲಿಮೀಟರಿನದನ್ನು ಹಾಕಿದರೆ ಅದರ ರೋಧ 0.0117 ಓಮ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಾಗ 86 ವಾಟು ಬರುತ್ತದೆ. ಹಿಂದಿನ ಕಾಲದ ಒಂದು ದೊಡ್ಡ ಬಲ್ಬಿನ ಕಾವು ಗೋಡೆಗೆ ಆತುಕೊಂಡ ಆ ತಂತಿಯಲ್ಲಿ ಪ್ರತಿ ರಾತ್ರಿ ಉರಿಯುತ್ತಿರುತ್ತದೆ! 35ರ ಕೇಬಲ್ಲಿನಲ್ಲಿ ಇದು ಸುಮಾರು 15 ವಾಟಿಗೆ ಇಳಿದು, ಅಷ್ಟು ದಪ್ಪ ಕೇಬಲ್ಲಿನಲ್ಲಿ ಹರಡಿಹೋಗುತ್ತದೆ. ಫ್ಯೂಜನ್ನು ಬ್ಯಾಟರಿಯ ಧನಧ್ರುವದಿಂದ ಒಂದು ಗೇಣಿನೊಳಗೆ ಕೂಡಿಸಬೇಕು. ಫ್ಯೂಜು ಇನ್ವರ್ಟರಿನ ಬಳಿಯಿದ್ದರೆ ನಡುವಿನ ತಂತಿಯನ್ನು ಕಾಯುವವರು ಯಾರೂ ಇರುವುದಿಲ್ಲ.

ಮಾಳಿಗೆಯಿಂದ ಇಳಿಯುವ ತಂತಿಯ ವಿಚಾರ ಬೇರೆ. 20 ಮೀಟರು ದೂರಕ್ಕೆ 4 ಚದರ ಮಿಲಿಮೀಟರಿನ ಸೌರ ಕೇಬಲ್ಲು ಹಾಕಿ ಎರಡು ಫಲಕಗಳನ್ನು ಸಮಾಂತರವಾಗಿ ಕೂಡಿಸಿದರೆ 41 ವೋಲ್ಟಿನಲ್ಲಿ 26 ಆಂಪಿಯರ್ ಹರಿದು, ನೂರಕ್ಕೆ 11ರಷ್ಟು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಸರಣಿಯಲ್ಲಿ ಕೂಡಿಸಿದರೆ 82 ವೋಲ್ಟು, 13 ಆಂಪಿಯರ್. ನಷ್ಟ ನೂರಕ್ಕೆ 3ಕ್ಕೂ ಕಡಿಮೆ. ಆದರೆ ಇಲ್ಲೊಂದು ಹೊಂಡವಿದೆ. ಹೊರೆಯಿಲ್ಲದಾಗ ಇಂಥ ಒಂದು ಫಲಕದ ವೋಲ್ಟೇಜು ಸುಮಾರು 49.5, ಎರಡು ಕೂಡಿ 99. ಚಳಿ ಹೆಚ್ಚಿದಂತೆ ಇದು ಏರುತ್ತದೆ. ಬೀದರ ಸೀಮೆಯ ಡಿಸೆಂಬರದ ಬೆಳಗಿನಲ್ಲಿ, ಉಷ್ಣತೆಯು 10 ಡಿಗ್ರಿಯ ಹತ್ತಿರವಿದ್ದಾಗ, 103ಕ್ಕೆ ಮುಟ್ಟುತ್ತದೆ. ಆದ್ದರಿಂದ 100 ವೋಲ್ಟಿನ ಮಿತಿಯುಳ್ಳ ಚಾರ್ಜ್ ನಿಯಂತ್ರಕವು ಬೇಸಿಗೆಯಲ್ಲೆಲ್ಲ ಚೆನ್ನಾಗಿ ನಡೆದು ಚಳಿಗಾಲದ ಒಂದು ಮುಂಜಾನೆ ಸುಟ್ಟುಹೋಗಬಹುದು. 150 ವೋಲ್ಟಿನದನ್ನೇ ಕೇಳಿ ಪಡೆಯಬೇಕು. ಅಂಗಡಿಕಾರನು ಎರಡೂ ಒಂದೇ ಎಂದರೆ ಒಪ್ಪಬೇಕಾಗಿಲ್ಲ.

ಫಲಕ ಮತ್ತು ಬ್ಯಾಟರಿಗಳ ಕಡೆಗೆ ಮನೆಯ ಸಾಮಾನ್ಯ ಎಂ.ಸಿ.ಬಿ.ಯನ್ನು ಬಳಸಕೂಡದು. ನಮ್ಮ ಮನೆಗಳ ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಲ ಶೂನ್ಯಕ್ಕೆ ಇಳಿಯುತ್ತದೆ. ಸ್ವಿಚ್ಚು ತೆರೆದಾಗ ಹುಟ್ಟುವ ಕಿಡಿಯು ಆ ಕ್ಷಣದಲ್ಲಿ ತಾನಾಗಿ ಆರುತ್ತದೆ. ಏಕಮುಖ ಪ್ರವಾಹಕ್ಕೆ ಆ ಬಿಡುವಿಲ್ಲ. ಕಿಡಿಯು ಜ್ವಾಲೆಯಾಗಿ ನಿಂತು ಪೆಟ್ಟಿಗೆಯನ್ನೇ ಕರಗಿಸಬಲ್ಲದು. ಡಿ.ಸಿ. ಎಂದು ವೋಲ್ಟೇಜಿನೊಂದಿಗೆ ಮುದ್ರಿತವಾದ ಸಾಧನವನ್ನೇ ಹಾಕಬೇಕು.

230 ವೋಲ್ಟಿನ ಕಡೆಯ ಪೆಟ್ಟಿಗೆಯ ಅಳತೆ ಸುಲಭ: ಇನ್ವರ್ಟರಿನಿಂದ ಹೊರಡುವಲ್ಲಿ 2.5 ಚದರ ಮಿಲಿಮೀಟರಿನ ತಂತಿ, 10 ಆಂಪಿಯರಿನ ಎಂ.ಸಿ.ಬಿ., 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.; ಒಂದೊಂದು ಕೋಣೆಯ ದೀಪ ಫ್ಯಾನುಗಳಿಗೆ 1.5ರ ತಂತಿ ಮತ್ತು 6 ಆಂಪಿಯರ್. ಕಷ್ಟವಿರುವುದು ನ್ಯೂಟ್ರಲ್ಲಿನಲ್ಲಿ. ಹಳೆಯ ಕಟ್ಟಡಗಳಲ್ಲಿ ಎಲ್ಲ ಕೋಣೆಗಳ ನ್ಯೂಟ್ರಲ್ಲುಗಳು ಒಂದೇ ಗಂಟಿನಲ್ಲಿ ಸೇರಿರುತ್ತವೆ. ಇನ್ವರ್ಟರಿನ ಮಂಡಲಕ್ಕೆ ಪ್ರತ್ಯೇಕ ನ್ಯೂಟ್ರಲ್ ಎಳೆಯದೆ ಹೋದರೆ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆ. ಬೇಸತ್ತ ಕೆಲಸಗಾರನು ಅದನ್ನೇ ಕಿತ್ತುಹಾಕುತ್ತಾನೆ. ಅಲ್ಲಿಗೆ ಮಕ್ಕಳ ರಕ್ಷಣೆಯೂ ಹೋಯಿತು.

ಇನ್ವರ್ಟರಿನ ಹೊರದಾರಿಯನ್ನು ಎರಡು ಕಡೆ ಪಿನ್ನುಳ್ಳ ತಂತಿಯಿಂದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಇಡೀ ಕಟ್ಟಡವನ್ನು ಬೆಳಗಿಸುವ ಉಪಾಯವೊಂದು ಕೆಲವರ ಬಾಯಲ್ಲಿದೆ. ಇದನ್ನು ಎಂದೂ ಮಾಡಬಾರದು. ಆ ವಿದ್ಯುತ್ತು ಮೀಟರನ್ನು ದಾಟಿ ಪರಿವರ್ತಕಕ್ಕೆ ಹಿಂದಿರುಗಿ ಹರಿದರೆ 230 ವೋಲ್ಟು 11,000 ವೋಲ್ಟಾಗಿ ಏರಿ, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದವನಿಗೆ ಮೃತ್ಯುವಾದೀತು. ಎರಡು ಮೂಲಗಳು ಒಮ್ಮೆಗೇ ಕೂಡದಂತೆ ತಡೆಯುವ ಬದಲಿ ಸ್ವಿಚ್ಚು ಇರಲೇಬೇಕು.

ಅರ್ಥಿಂಗಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ನೆಲವನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಒಳ್ಳೆಯ ಅಳತೆ ತೋರಿಸಿದ ಗುಂಡಿಯು ಬೇಸಿಗೆಯಲ್ಲಿ ಒಣಗಿದಾಗ ರೋಧವನ್ನು ಹಲವು ಪಟ್ಟು ಏರಿಸಿಕೊಳ್ಳುತ್ತದೆ. ಮುಂಗಾರಿನ ಮೊದಲ ಸಿಡಿಲುಗಳು ಬರುವುದೂ ನೆಲ ಒಣಗಿರುವ ಹೊತ್ತಿನಲ್ಲಿಯೇ. ಆದಕಾರಣ ಅರ್ಥಿಂಗನ್ನು ಏಪ್ರಿಲ್ ತಿಂಗಳಿನಲ್ಲಿ ಅಳೆಯಿಸಬೇಕು, ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕಿಸುತ್ತಿರಬೇಕು. ಬ್ಯಾಟರಿಯ ಕೋಣೆಗೆ ಮೇಲ್ಭಾಗದಲ್ಲಿ ಗಾಳಿಗಿಂಡಿ ಇರಲಿ. ಚಾರ್ಜಾಗುವಾಗ ಹೊರಬರುವ ಜಲಜನಕವು ಹಗುರವಾದುದರಿಂದ ಸೂರಿನಲ್ಲಿ ಕೂಡುತ್ತದೆ. ತಂತಿಗಳ ನಕ್ಷೆಯೊಂದನ್ನು ಬರೆದು, ಒಂದೊಂದು ತಂತಿಯ ಅಳತೆಯನ್ನೂ ಫ್ಯೂಜಿನ ಆಂಪಿಯರನ್ನೂ ಅದರಲ್ಲಿ ನಮೂದಿಸಿ, ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದರೆ ಮುಂದೆ ಬರುವ ಮೇಸ್ತ್ರಿಯು 125ರ ಫ್ಯೂಜಿನ ಸ್ಥಳದಲ್ಲಿ ತಾಮ್ರದ ತುಂಡನ್ನು ಸುತ್ತುವುದು ತಪ್ಪುತ್ತದೆ.