ಶಾಸನ ದತ್ತಾಂಶ ಮತ್ತು ಸ್ಥಳನಾಮ: ಜೆ.ಪಿ. ನಗರ ಪರಿಸರವನ್ನು ಆಧರಿಸಿ

ಆಕರವೊಂದು ಪ್ರಕಟವಾದ ಮಾತ್ರಕ್ಕೆ ಸಂಶೋಧಕರಿಗೆ ದೊರೆಯುತ್ತದೆ ಎನ್ನಲಾಗದು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವು (1905) ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಕಲಿಸಿದೆ. ಅಲ್ಲಿ ಶಾಸನವನ್ನು ಗುರುತಿಸುವುದು ಗ್ರಾಮನಾಮ ಮತ್ತು ಕ್ರಮಸಂಖ್ಯೆಗಳಿಂದ. ನಗರ ಬೆಳೆದಂತೆ ಈ ಗುರುತು ಮಸುಕಾಗಿದೆ. ಸಾರಕ್ಕಿ, ಪುಟ್ಟೇನಹಳ್ಳಿಗಳ ಸುತ್ತಣ ನೆಲ ಇಂದು ಜೆ.ಪಿ. ನಗರದ ಹಲವು ಹಂತಗಳಾಗಿದೆ. ಜಯಪ್ರಕಾಶ ನಾರಾಯಣರ ಹೆಸರಿನ ಈ ಬಡಾವಣೆ 1905ರ ಸಂಪುಟದಲ್ಲಿ ಇರಲಾರದು. ಇಂದಿನ ಹೆಸರನ್ನಷ್ಟೇ ಹಿಡಿದು ಹುಡುಕುವ ವಿದ್ಯಾರ್ಥಿ, ಈ ಪರಿಸರದಲ್ಲಿ ಶಾಸನಗಳೇ ಇಲ್ಲವೆಂದು ತಪ್ಪಾಗಿ ತೀರ್ಮಾನಿಸಬಹುದು.

ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಆರಂಭಿಸಿತು. ಸ್ಕ್ಯಾನ್ ಅಕ್ಷರರೂಪವನ್ನು ಉಳಿಸುತ್ತದೆ. ಆದರೆ ಅದನ್ನು ಮತ್ತೊಬ್ಬರು ಕಂಡುಕೊಳ್ಳಲು ಜೊತೆಗಿರುವ ವಿವರಗಳೇ ದಾರಿ. ಹಳೆಯ ಗ್ರಾಮನಾಮ, ಇಂದಿನ ಬಡಾವಣೆ, ಅಕ್ಷಾಂಶ-ರೇಖಾಂಶ, ಸಂಪುಟ ಮತ್ತು ಶಾಸನಸಂಖ್ಯೆ ಒಂದೇ ದಾಖಲೆಯಲ್ಲಿ ಇರಬೇಕು. ಪಾಠವು ಯುನಿಕೋಡ್‌ನಲ್ಲಿರಬೇಕು, ಪುಟದ ಬರಿಯ ಚಿತ್ರದಲ್ಲಾಗಲಿ ಹಳೆಯ ಫಾಂಟುಗಳಲ್ಲಾಗಲಿ ಪದಶೋಧ ಸುಲಭಸಾಧ್ಯವಲ್ಲ. ಮರುಬಳಕೆಯ ಅನುಮತಿಯನ್ನೂ ಸ್ಪಷ್ಟವಾಗಿ ನಮೂದಿಸಬೇಕು.

ಕಟ್ಟಡ, ರಸ್ತೆಗಳ ಕಾಮಗಾರಿಯಲ್ಲಿ ಕಲ್ಲು ಕಳೆದುಹೋದರೆ ಉಳಿಯುವ ಸಾಕ್ಷಿ ದಾಖಲೆಯೊಂದೇ. ಆದ್ದರಿಂದ ಕನ್ನಡ ವಿಭಾಗಗಳು ಮಹಾಪ್ರಬಂಧಗಳ ಅನುಬಂಧದಲ್ಲಿ ಸೇರುವ ಶಾಸನಪಟ್ಟಿಗಳನ್ನೂ ಇದೇ ಕ್ರಮದಲ್ಲಿ ಸಿದ್ಧಪಡಿಸಿ, ಎಲ್ಲರ ಬಳಕೆಗೆ ತೆರೆದಿಡುವುದು ಅಗತ್ಯ.