ಗಲ್ಲಾಪೆಟ್ಟಿಗೆಯಲ್ಲಿ ಬಚ್ಚಿಟ್ಟ ಬಿಪಿ ಮಾತ್ರೆ

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಸಣ್ಣ ಅಂಗಡಿ ಇದೆ. ಆರೋಗ್ಯ ಶಿಬಿರದಲ್ಲಿ ಬಿಪಿ 158/98 ಇತ್ತು. ಆಮೇಲೆ ಎರಡು ಸಲ ವೈದ್ಯರಲ್ಲಿಗೆ ಹೋದಾಗಲೂ ಇಳಿದಿರಲಿಲ್ಲ. ಆಮ್ಲೋಡಿಪಿನ್ ಬರೆದುಕೊಟ್ಟರು. ಒಮ್ಮೆ ಶುರು ಮಾಡಿದರೆ ಸಾಯೋತನಕ ಬಿಡೋಹಾಗಿಲ್ಲ ಅಂತಾರೆ. ತಲೆನೋವು ಬಂದ ದಿನ ಮಾತ್ರ ನುಂಗುತ್ತೇನೆ. ಗಲ್ಲಾಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ, ಹೆಂಡತಿಗೂ ಹೇಳಿಲ್ಲ. ಅಪ್ಪನಿಗೆ ಬಿಪಿಯಿಂದಲೇ ಲಕ್ವ ಹೊಡೆದಿತ್ತು. ರಾತ್ರಿ ನಿದ್ದೆ ಇಲ್ಲ.

ಉತ್ತರ: ಅಪ್ಪ ಹಾಸಿಗೆ ಹಿಡಿದದ್ದನ್ನು ಕಂಡ ಮಗನಿಗೆ ಬಿಪಿ ಎಂಬ ಎರಡಕ್ಷರ ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಲವತ್ತು ದಾಟಿದ ಎಷ್ಟೋ ಮಂದಿ ಹೀಗೇ ಮಾತ್ರೆ ಬಚ್ಚಿಡುತ್ತಾರೆ. ಮಾತ್ರೆ ನುಂಗಿದರೆ ತಾನು ರೋಗಿ ಎಂದು ಒಪ್ಪಿಕೊಂಡಂತೆ ಎಂಬ ಅಳುಕು ಅವರಿಗೆ.

ಆದರೆ ಲಕ್ವ ತರುವುದು ಮಾತ್ರೆಯಲ್ಲ, ವರ್ಷಗಟ್ಟಲೆ ಹತೋಟಿಗೆ ಬಾರದ ಒತ್ತಡ. ನಿಮ್ಮ ವಯಸ್ಸಿನಲ್ಲೇ ಅದು ಗೊತ್ತಾಗಿರುವುದು ನಿಮಗೆ ಸಿಕ್ಕ ಅವಕಾಶ. ಇನ್ನು 'ಬಿಡೋಹಾಗಿಲ್ಲ' ಎನ್ನುವ ಮಾತು. ಇದು ಚಟ ಹಿಡಿಸುವ ಔಷಧವಲ್ಲ. ಬಿಟ್ಟರೆ ಬಿಪಿ ಮತ್ತೆ ಏರುವುದು ಅದರ ಕಾರಣಗಳು ಮೈಯಲ್ಲಿ ಹಾಗೇ ಇರುವುದರಿಂದ. ತೂಕ, ಉಪ್ಪು ಇಳಿಸಿದವರಲ್ಲಿ ಕೆಲವರಿಗೆ ವೈದ್ಯರೇ ಡೋಸ್ ಕಡಿಮೆ ಮಾಡುವುದುಂಟು.

ತಲೆನೋವನ್ನು ಮಾತ್ರ ನಂಬಬೇಡಿ. ಬಿಪಿ ಬಹುತೇಕ ಸದ್ದಿಲ್ಲದೆ ಏರುತ್ತದೆ. ತಲೆನೋವಿಗೆಂದು ನೀವೇ ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಬಿಪಿ ಏರಿಸಬಲ್ಲವು.

ಆ ಅಂಕಿಗಳ ಮೇಲೇ ಅನುಮಾನವಿದ್ದರೆ ಮನೆಯಲ್ಲಿ ನೋಡಿಕೊಳ್ಳಿ. ಆಸ್ಪತ್ರೆಯ ಗಾಬರಿಗೇ ಬಿಪಿ ಏರುವವರೂ ಇದ್ದಾರೆ. ತೋಳಿಗೆ ಕಟ್ಟುವ ಮಷೀನ್ ಇರಲಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಪಟ್ಟಿಯನ್ನು ಬರಿ ತೋಳಿಗೆ, ಎದೆಯ ಮಟ್ಟಕ್ಕೆ ಕಟ್ಟಿ. ಬೆಳಗ್ಗೆ, ಸಂಜೆ ಎರಡೆರಡು ಸಲದಂತೆ 7 ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಹೆಚ್ಚು ಬಂದರೆ ಬಿಪಿ ಇದೆ ಎಂದೇ ಲೆಕ್ಕ. ಗಂಟೆಗೊಮ್ಮೆ ನೋಡಬೇಡಿ, ಆ ಆತಂಕಕ್ಕೇ ಏರೀತು.

ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ, ಬಿಟ್ಟು ಬಿಟ್ಟು ನುಂಗಿದ್ದನ್ನೂ ಹೇಳಿ. ಅದು ಗೊತ್ತಿಲ್ಲದಿದ್ದರೆ ಅವರು ಮಾತ್ರೆ ಸಾಲಲಿಲ್ಲವೆಂದು ಡೋಸ್ ಏರಿಸಿಯಾರು. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಹಾಗಾದರೆ ನೀವೇ ನಿಲ್ಲಿಸದೆ ಕೇಳಿ, ಬೇರೆ ಮಾತ್ರೆಗಳಿವೆ. ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ, ಅಂದರೆ 5 ಗ್ರಾಂ. ಮಿರ್ಚಿ ಮಂಡಕ್ಕಿ ಪೂರ್ತಿ ಬಿಡಿ ಎಂದರೆ ದಾವಣಗೆರೆಯವರು ನನ್ನನ್ನು ಕ್ಷಮಿಸರು, ಅಪರೂಪಕ್ಕೆ ಸಾಕು. ಉಪ್ಪಿನಕಾಯಿ, ಹಪ್ಪಳದ ಮೇಲೆ ಮಾತ್ರ ಕಣ್ಣಿಡಿ.

ನಿದ್ದೆಗೆಡಿಸುವ ಭಯ ಹೀಗೇ ಮುಂದುವರಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೆಂಡತಿಗೆ ಈ ವಾರವೇ ಹೇಳಿ. ಗೊರಕೆ ಜೋರಾಗಿದ್ದು ನಡುನಡುವೆ ಉಸಿರು ಕಟ್ಟುತ್ತಿದ್ದರೆ ಅದೂ ಬಿಪಿ ಏರಲು ಕಾರಣವಾಗಬಹುದು, ಅದು ಗೊತ್ತಿರುವುದು ಅವರಿಗೆ ಮಾತ್ರ. ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲಿನ ಶಕ್ತಿ ಹೋಗುವುದು, ಇವುಗಳಲ್ಲಿ ಯಾವುದೇ ಕಂಡರೂ ಬಿಪಿ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಆ ಹೊತ್ತಿನಲ್ಲಿ ಫೋನ್ ಎತ್ತುವವರು ಅವರೇ, ಹಾಗಾಗಿ ಈ ಲಕ್ಷಣಗಳು ಅವರಿಗೂ ತಿಳಿದಿರಲಿ.